ಹೆಸರು ನಾಯಕನದು, ಕಂಬಗಳು ಯಾರವು?

ಜೋಗ, ಬೇಲೂರು, ಮೈಸೂರು ಎಂದು ಶಾಲಾ ಪ್ರವಾಸದ ಪಟ್ಟಿ ಹಾಕುವಾಗ ಪಕ್ಕದೂರಿನ ಅರಮನೆ ಮರೆತೇಹೋಗುತ್ತದೆ. ಭದ್ರಾವತಿಯ ಜನ್ನಾಪುರದ ಮಕ್ಕಳಿಗೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಸುಮಾರು 20 ಕಿ.ಮೀ. ದೂರ. ಭದ್ರೆಯ ಊರಿನಿಂದ ತುಂಗೆಯ ಊರಿಗೆ ಒಂದು ಬಸ್ ಪ್ರಯಾಣ, ಅಷ್ಟೇ.

ಮೈಸೂರಿನ ಅರಮನೆಯ ಥಳಕು ಇಲ್ಲಿಲ್ಲ. ಮರವೇ ಇಲ್ಲಿನ ವೈಭವ. ಎರಡು ಅಂತಸ್ತಿನಷ್ಟು ಎತ್ತರದ ದರ್ಬಾರು ಸಭಾಂಗಣ, ದಪ್ಪ ಮರದ ಕಂಬಗಳು, ಅವುಗಳ ನಡುವೆ ಹೂವಿನ ಎಸಳಿನಂತೆ ಬಾಗಿದ ಕಮಾನುಗಳು. ಇಕ್ಕೆಲದ ಮಹಡಿಯ ಕೋಣೆಗಳಿಂದ ಸಭೆಯನ್ನು ಕೆಳಗಿಣುಕಿ ನೋಡಬಹುದು.

ಪ್ರಶ್ನೆ ಹುಟ್ಟುವುದೂ ಇಲ್ಲಿಯೇ. ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಆದರೆ ಈ ಕಂಬ, ಕಮಾನುಗಳ ಶೈಲಿ 18ನೇ ಶತಮಾನದ್ದು; ಈಗಿನ ಕಟ್ಟಡ ಹೈದರಾಲಿಯ ಕಾಲದ್ದೆಂದು ಬಲ್ಲವರ ಅಭಿಪ್ರಾಯ. ಹೈದರ್ ಬಿದನೂರನ್ನು ಗೆದ್ದು ಕೆಳದಿ ಅರಸೊತ್ತಿಗೆಯನ್ನು ಕೊನೆಗಾಣಿಸಿದ್ದು 1763ರಲ್ಲಿ. 1791ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಟಿಪ್ಪು ಅರಮನೆಯನ್ನು ಕಂಡವರಿಗೆ ಇಲ್ಲಿನ ಹೋಲಿಕೆ ತಟ್ಟನೆ ಹೊಳೆಯುತ್ತದೆ.

ಹಾಗಾದರೆ ಹೆಸರು ಸುಳ್ಳೇ? ಹಾಗೆನ್ನಲಾಗದು. ಭೂಮಿಯ ಫಲವತ್ತತೆ ನೋಡಿ ಕಂದಾಯ ಗೊತ್ತುಪಡಿಸಿದ ಅರಸ ಶಿವಪ್ಪನಾಯಕ. ಆ ಕ್ರಮಕ್ಕೆ 'ಶಿಸ್ತು' ಎಂದೇ ಹೆಸರು. ಅವನು 'ಶಿಸ್ತಿನ ಶಿವಪ್ಪನಾಯಕ'ನಾದದ್ದು ಹೀಗೆ. ಮನೆತನ ಅಳಿದರೂ ಜನ ಹೆಸರನ್ನು ಬಿಡಲಿಲ್ಲ. ಹೆಸರು ಜನರ ನೆನಪನ್ನು ಹೇಳಿದರೆ, ಮರ ತನ್ನ ಕಾಲವನ್ನು ಹೇಳುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಎರಡೂ ಬೇಕು. ಒಂದನ್ನು ಮತ್ತೊಂದೆಂದು ತಿಳಿಯಬಾರದು.

ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಸುತ್ತಮುತ್ತಲ ಊರುಗಳಿಂದ ತಂದ ಶಿಲ್ಪಗಳು, ಮಾಸ್ತಿಕಲ್ಲು, ವೀರಗಲ್ಲುಗಳು ಅಂಗಳದಲ್ಲಿವೆ. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತುರು ಕಾಯಲು, ಊರು ಉಳಿಸಲು ಮಡಿದ ಸಾಮಾನ್ಯರ ಕಲ್ಲುಗಳೂ ಇಂಥವುಗಳಲ್ಲಿರುತ್ತವೆ. ಅರಸರ ಅಂಗಳದಲ್ಲಿ ಅವರಿಗೂ ಜಾಗ ಸಿಕ್ಕಿದೆ.

ಎಷ್ಟೋ ಹಳ್ಳಿಗಳಲ್ಲಿ ಇಂಥ ಕಲ್ಲುಗಳು ಇಂದಿಗೂ ಬಟ್ಟೆ ಒಗೆಯುವ ಹಾಸುಗಲ್ಲಾಗಿ ಸವೆಯುತ್ತಿವೆ. ಅರಮನೆ ನೋಡಿ ಮರಳಿದ ಮಗು ತನ್ನೂರಿನ ಕೆರೆಯ ಏರಿಯ ಮೇಲೆ ಅಂಥದೊಂದು ಕಲ್ಲನ್ನು ಗುರುತಿಸಿ, "ಅಪ್ಪಾ, ಇದು ವೀರಗಲ್ಲು" ಎಂದರೆ ಬಸ್ಸಿನ ಖರ್ಚು ದಂಡವಾಗಲಿಲ್ಲ.