ಬಾಗಿಲ ಹೊರಗಿನ ಇಪ್ಪತ್ನಾಲ್ಕು ಗಂಟೆ

ಹೊಳಲ್ಕೆರೆ ಕಡೆಯ ನಮ್ಮ ಚಿಕ್ಕಪ್ಪನವರನ್ನು ಚಿತ್ರದುರ್ಗದ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದ ರಾತ್ರಿ, ಬಾಗಿಲ ಹೊರಗೆ ಚಾಪೆ ಹಾಸಿ ಕೂತವರು ಹತ್ತಾರು ಮಂದಿ. ಹಿರಿಯೂರಿನ ಹತ್ತಿರ ಹೆದ್ದಾರಿಯಲ್ಲಿ ಲಾರಿ ಗುದ್ದಿದ ಹುಡುಗನ ತಾಯಿ ಒಬ್ಬರು. ಹೊಸದುರ್ಗದ ತೋಟದಲ್ಲಿ ಹಾವು ಕಚ್ಚಿದವನ ಅಣ್ಣ ಇನ್ನೊಬ್ಬರು. ಊರು ಬೇರೆ ಬೇರೆ, ಕೇಳುವ ಮಾತು ಒಂದೇ: "ಉಳೀತಾರಾ ಸಾರ್?" ವೈದ್ಯರ ಉತ್ತರವೂ ಒಂದೇ: "ಇಪ್ಪತ್ನಾಲ್ಕು ಗಂಟೆ ಕಳೀಲಿ, ನೋಡೋಣ."

ಚಿಕ್ಕಮ್ಮ ಊರಿಗೆ ಫೋನ್ ಮಾಡಿ ದೇವರ ಹತ್ತಿರ ಹೂ ಕೇಳಿಸಿದರು. ಬಲಗಡೆ ಬಿತ್ತಂತೆ. ಆ ಸುದ್ದಿ ಬಂದಮೇಲೆಯೇ ಅವರು ಒಂದು ಲೋಟ ಕಾಫಿ ಕುಡಿದದ್ದು. ಮುಂದೇನು ಎಂದು ತಿಳಿಯದೆ ಕೂರುವ ಕಷ್ಟ ಕೂತವರಿಗೇ ಗೊತ್ತು.

ಇಪ್ಪತ್ನಾಲ್ಕು ಗಂಟೆ ಅನ್ನುವುದು ಸಾಗಹಾಕುವ ಮಾತು ಎಂದುಕೊಂಡಿದ್ದೆ. ಆಮೇಲೆ ಓದಿ ನೋಡಿದರೆ, 1985ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ 'ಅಪಾಚೆ-2' ಎಂಬ ಲೆಕ್ಕಕ್ಕೂ ಅದೇ ಗಡುವು. ಮೊದಲ 24 ಗಂಟೆಗಳಲ್ಲಿ ನಾಡಿ, ಬಿ.ಪಿ., ಉಸಿರು, ಕ್ರಿಯಾಟಿನಿನ್, ಪ್ರಜ್ಞೆ ಮುಂತಾದ 12 ಅಳತೆಗಳು ಎಷ್ಟು ಕೆಟ್ಟಿದ್ದವು ಎಂದು ನೋಡಿ, ವಯಸ್ಸು ಮತ್ತು ಹಳೆಯ ಕಾಯಿಲೆಯನ್ನೂ ಸೇರಿಸಿ, 0ಯಿಂದ 71ರವರೆಗೆ ಅಂಕ ಕೊಡುತ್ತಾರೆ. ಅಂಕ ಏರಿದಷ್ಟೂ ಜೀವಕ್ಕೆ ಅಪಾಯ.

ಈಗ ಈ ಕೆಲಸಕ್ಕೆ ಯಂತ್ರಕಲಿಕೆ ಬಂದಿದೆ. ಸಾವಿರಾರು ಹಳೆಯ ರೋಗಿಗಳ ದಾಖಲೆ ಮುಂದಿಟ್ಟರೆ, ಯಾರು ಉಳಿದರು, ಯಾರು ಉಳಿಯಲಿಲ್ಲ ಎಂಬುದರಿಂದ ಕಂಪ್ಯೂಟರ್ ತಾನೇ ಲೆಕ್ಕ ಕಲಿಯುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವ ದಾಖಲೆ 'ಮಿಮಿಕ್'. ಅದರ 2016ರ ಆವೃತ್ತಿಯಲ್ಲಿರುವುದು ಬೋಸ್ಟನ್ನಿನ ಒಂದೇ ಆಸ್ಪತ್ರೆಯಲ್ಲಿ 2001ರಿಂದ 2012ರವರೆಗೆ ಮಲಗಿದ್ದ 40,000ಕ್ಕೂ ಹೆಚ್ಚು ರೋಗಿಗಳ ವಿವರ. ನನ್ನ ತಕರಾರು ಇಲ್ಲೇ. ಬೋಸ್ಟನ್ನಿನ ಹಾಸಿಗೆಗಳಲ್ಲಿ ಕೊಳಕುಮಂಡಲ ಕಚ್ಚಿದವರು ಎಲ್ಲಿ, ಹೊಲಕ್ಕೆ ತಂದ ಕೀಟನಾಶಕ ಕುಡಿದವರು ಎಲ್ಲಿ?

ಹಳೆಯ ದಾಖಲೆಯನ್ನಷ್ಟೇ ನಂಬಿದರೆ ಏನಾಗುತ್ತದೆ ಎನ್ನಲು ನಮ್ಮ ಮಾರಿಕಣಿವೆ ಅಣೆಕಟ್ಟನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಈ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಆಮೇಲೆ ಎಂಬತ್ತೊಂಬತ್ತು ವರ್ಷ ಬೀಳಲಿಲ್ಲ. ಆ ವರ್ಷಗಳ ಲೆಕ್ಕವನ್ನಷ್ಟೇ ಕಲಿತ ಯಂತ್ರ, ಕೆರೆ ಇನ್ನು ತುಂಬುವುದಿಲ್ಲ ಎಂದೇ ಹೇಳುತ್ತಿತ್ತು. ಅಷ್ಟರಲ್ಲಿ ಭದ್ರೆಯ ನೀರು ಬರತೊಡಗಿತು, ಮಳೆಯೂ ಸುರಿಯಿತು. 2022ರಲ್ಲಿ ಕೋಡಿಯ ಮೇಲೆ ಹರಿದ ನೀರು ನೋಡಲು ಜಾತ್ರೆಯ ಹಾಗೆ ಜನ ಸೇರಿದರು. ನೀರಿನ ದಾರಿ ಬದಲಾದಮೇಲೆ ಹಳೆಯ ಲೆಕ್ಕ ನಡೆಯುವುದಿಲ್ಲ.

ಇಂಥ ತಪ್ಪು ಆಸ್ಪತ್ರೆಯ ಲೆಕ್ಕದಲ್ಲೂ ಆಗಿದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ನ್ಯುಮೋನಿಯಾ ರೋಗಿಗಳ ದಾಖಲೆಯಿಂದ ಕಲಿತ ಯಂತ್ರವೊಂದು, ಆಸ್ತಮಾ ಇದ್ದವರಿಗೆ ಸಾವಿನ ಭಯ ಕಡಿಮೆ ಎಂದುಬಿಟ್ಟಿತು. ಆಸ್ತಮಾ ಇದ್ದವರನ್ನು ವೈದ್ಯರು ತಡಮಾಡದೆ ಐಸಿಯುಗೆ ಒಯ್ಯುತ್ತಿದ್ದರು, ಅದಕ್ಕೇ ಅವರು ಉಳಿದಿದ್ದರು. ಆ ಆರೈಕೆ ಯಂತ್ರದ ಕಣ್ಣಿಗೆ ಬೀಳಲಿಲ್ಲ. ಈ ಕಥೆ ಓದಿದಾಗ ನನ್ನ ಎದೆ ಝಲ್ಲೆಂದಿತು. ಯಂತ್ರದ ಮಾತು ನಂಬಿದ್ದರೆ ಆಸ್ತಮಾದವರನ್ನೇ ಮೊದಲು ಮನೆಗೆ ಕಳಿಸಬೇಕಿತ್ತು.

ಹಾಗೆಂದು ಯಂತ್ರ ಬೇಡ ಎನ್ನಲಾರೆ. ರಾತ್ರಿ ಮೂರು ಗಂಟೆಗೆ ಒಬ್ಬರೇ ಸಿಸ್ಟರ್ ಹಲವು ಹಾಸಿಗೆ ನೋಡಿಕೊಳ್ಳುವಾಗ, "ಆರನೇ ಹಾಸಿಗೆಯವರು ಕುಸಿಯುತ್ತಿದ್ದಾರೆ" ಎಂದು ಒಂದು ಗಂಟೆ ಮೊದಲೇ ಎಚ್ಚರಿಸುವುದು ಸಣ್ಣ ಉಪಕಾರವಲ್ಲ. ದೊಡ್ಡಾಸ್ಪತ್ರೆಗೆಂದು ದಾವಣಗೆರೆಗೋ ಇನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೋ ಹೊರಡುವ ನಮ್ಮಂಥವರಿಗೆ ಆ ಒಂದು ಗಂಟೆ ಬಹಳ ದೊಡ್ಡದು. ಆದರೆ ಆ ಯಂತ್ರ ನಮ್ಮ ಜಿಲ್ಲೆಯ ರೋಗಿಗಳಿಂದ ಕಲಿತಿರಬೇಕು. ಅಂಕ ಹೆಚ್ಚು ಬಂದ ಹಾಸಿಗೆಯ ಕಡೆಗೆ ವೈದ್ಯರು ಓಡಿಬರಬೇಕು. ವೆಂಟಿಲೇಟರ್ ತೆಗೆಯಲು ಆ ಅಂಕವನ್ನು ನೆಪ ಮಾಡಿಕೊಂಡರೆ ನಾನು ಒಪ್ಪುವುದಿಲ್ಲ.

ಚಿಕ್ಕಪ್ಪ ಹನ್ನೊಂದನೆಯ ದಿನ ಮನೆಗೆ ಬಂದರು. ಹೊಸದುರ್ಗದ ಆ ಅಣ್ಣ ಮೂರನೆಯ ದಿನವೇ ಚಾಪೆ ಸುತ್ತಿಕೊಂಡು ಹೋಗಿದ್ದರು. ಏನಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸೇರಿಸಿದ ರಾತ್ರಿ ಸಿಸ್ಟರ್, "ಯಾವ ಗುಳಿಗೆ ತಗೋತಿದ್ರಮ್ಮ?" ಎಂದು ಕೇಳಿದಾಗ ಚಿಕ್ಕಮ್ಮ "ಬಿಳೀದು" ಎಂದಿದ್ದರು. ಹಾಳೆಯಲ್ಲಿ ಆ ಜಾಗ ಖಾಲಿ ಉಳಿಯಿತು. ಖಾಲಿ ಜಾಗದಿಂದ ವೈದ್ಯರೂ ಏನೂ ತಿಳಿಯಲಾರರು, ಯಂತ್ರವೂ ಏನೂ ಕಲಿಯಲಾರದು. ದಯವಿಟ್ಟು ಮನೆಯ ಹಿರಿಯರ ಗುಳಿಗೆಯ ಹೆಸರು, ಬಿ.ಪಿ., ಸಕ್ಕರೆಯ ಲೆಕ್ಕ ಒಂದು ಚೀಟಿಯಲ್ಲಿ ಬರೆದಿಡಿ. ಹಾವು ಕಚ್ಚಿದರೆ ಕಚ್ಚಿದ ಹೊತ್ತನ್ನೂ ಬರೆದುಕೊಂಡು ಹೋಗಿ.