ಕೋಡಿಯ ಗಾಳಿ, ಗಾಡಿಯ ಮೂತಿ

ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಮನೆಯಾಗಿ ಕಟ್ಟಿಸಿಕೊಂಡು ಓಡಾಡುವವರಿಗೆ ಸಲಹೆಗಳ ಬರವಿಲ್ಲ. ಗ್ಯಾಸೋ ಇಂಡಕ್ಷನ್ನೋ, ಕಕ್ಕಸು ಒಳಗೆ ಬೇಕೋ ಬೇಡವೋ, ತಲೆಯ ಮೇಲೆ ಎಷ್ಟು ಸೋಲಾರ್ ಹಲಗೆ, ಎಲ್ಲದರ ಮೇಲೂ ಎಲ್ಲರಿಗೂ ಅಭಿಪ್ರಾಯ. ಈಚೆಗೆ ಎಲ್ಲರ ಬಾಯಲ್ಲೂ ಸ್ಟೀರಿಂಗ್ ಸ್ಟೆಬಿಲೈಸರ್, ಅಂದರೆ ಓಟದಲ್ಲಿ ಸ್ಟೀರಿಂಗ್ ಅತ್ತಿತ್ತ ಹೊರಳದಂತೆ ತಡೆಯುವ ಸಾಧನ. ಟೆಕ್ಸಾಸಿನಲ್ಲಿರುವ ನನ್ನ ಭಾವಮೈದುನ ಫೋರ್ಡ್ ಎಫ್-53 ಚಾಸಿಯ ದೊಡ್ಡ ಮೋಟರ್‌ಹೋಮ್ ಇಟ್ಟುಕೊಂಡಿದ್ದಾನೆ. ಅದಕ್ಕೆ ಸೇಫ್-ಟಿ-ಪ್ಲಸ್ ಎಂಬ ಸಾಧನ ಹಾಕಿಸಿದ ಮೇಲೆ ಒಂದು ಕೈಯಲ್ಲಿ ಕಾಫಿ ಹಿಡಿದು ಓಡಿಸುತ್ತೇನೆ ಅನ್ನುತ್ತಾನೆ. ಬೆಂಗಳೂರಿನ ಒಬ್ಬ ವ್ಯಾಪಾರಿ ಅದೇ ಜಾತಿಯದನ್ನು ತರಿಸಿ ಕೂರಿಸಿಕೊಡಲು 38,000 ರೂಪಾಯಿ ಹೇಳಿದ. ನನ್ನಾಕೆಗೆ ವ್ಯಾಪಾರಿಯ ಮೇಲೂ ನಂಬಿಕೆಯಿಲ್ಲ, ತಮ್ಮನ ಕಾಫಿಯ ಮೇಲೂ ನಂಬಿಕೆಯಿಲ್ಲ. "ಮೊದಲು ಕುಂದಾಪುರದ ಕೋಡಿಗೆ ಹೋಗಿಬರೋಣ, ಆ ಕರಾವಳಿ ಹೆದ್ದಾರಿಯಲ್ಲಿ ಗಾಡಿ ಏನು ಮಾಡುತ್ತೆ ನೋಡಿ ತೀರ್ಮಾನ ಮಾಡೋಣ" ಅಂದಳು.

ಹಾಸನ, ಶಿರಾಡಿ ಘಾಟಿ, ಮಂಗಳೂರು ಎಲ್ಲ ಕಳೆದದ್ದು ಗೊತ್ತಾಗಲಿಲ್ಲ. ಘಾಟಿಯಲ್ಲಿ ಗಾಡಿ ಸಾಧುವೇ. ಮೂವತ್ತು ನಲವತ್ತರ ವೇಗದಲ್ಲಿ ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ಆಟ ಶುರುವಾದದ್ದು 66ರ ಹೆದ್ದಾರಿಯಲ್ಲಿ, ಉಡುಪಿ ದಾಟಿ ಬ್ರಹ್ಮಾವರದ ಕಡೆ ತಿರುಗಿದ ಮೇಲೆ. ಬಲಗಡೆಯಿಂದ ಖಾಸಗಿ ಬಸ್ಸು ಹಾರನ್ ಒತ್ತಿಕೊಂಡೇ ಬರುತ್ತದೆ. ಅದರ ಮೂತಿ ನಮ್ಮ ಹಿಂಬದಿಗೆ ಸಮವಾದಾಗ ಗಾಡಿಯನ್ನು ಎಡಕ್ಕೆ ನೂಕುತ್ತದೆ, ಅರ್ಧ ದಾಟಿದಾಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನೂಕಿದ್ದಕ್ಕೆ ಬಲಕ್ಕೆ ತಿರುಗಿಸುವಷ್ಟರಲ್ಲಿ ಎಳೆತ ಬಂದಿರುತ್ತದೆ. ಎಳೆತಕ್ಕೆ ಎಡಕ್ಕೆ ತಿರುಗಿಸಿದರೆ ಬಸ್ಸು ಆಗಲೇ ಹೋಗಿ, ನಾವು ರಸ್ತೆಯ ಅಂಚಿನಲ್ಲಿ ಸೈಕಲ್ಲಿನವನ ಬೆನ್ನ ಮೇಲಿರುತ್ತೇವೆ. ಇದರ ಜೊತೆಗೆ ಮಧ್ಯಾಹ್ನದ ಕಡಲ ಗಾಳಿ ಪಡುವಣದಿಂದ, ನೇರ ನಮ್ಮ ಪಕ್ಕೆಗೆ. ಒಂಬತ್ತು ಅಡಿ ಎತ್ತರದ ಗೋಡೆಯನ್ನು ಗಾಳಿಗೆ ಅಡ್ಡ ಹಿಡಿದುಕೊಂಡು ಹೋಗುವವನಿಗೆ ಕರಾವಳಿಯ ಸೊಬಗು ಕಾಣುವುದಿಲ್ಲ. ಟೋಲಿನಲ್ಲಿ ನಮ್ಮದು ಕಾರೋ ಮಿನಿ ಬಸ್ಸೋ ಎಂಬ ಚರ್ಚೆ ಬೇರೆ. ಕೋಟ ಬಂದದ್ದು ಹೋದದ್ದು ಎರಡೂ ತಿಳಿಯಲಿಲ್ಲ.

ಕುಂದಾಪುರ ಪೇಟೆಯಿಂದ ಕೋಡಿಯ ಕಿರುದಾರಿ ಹಿಡಿದಾಗ ಭುಜ ಸಡಿಲವಾಯಿತು. ಇತ್ತ ಅರಬ್ಬಿ ಸಮುದ್ರ, ಅತ್ತ ಪಂಚಗಂಗಾವಳಿ; ನಡುವೆ ತೆಂಗು, ಮನೆ, ಮಸೀದಿ, ದೈವಸ್ಥಾನ, ಬಲೆ ಒಣಹಾಕಿದ ಅಂಗಳ. ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಸೇರಿ ಕಡಲಿಗೆ ಬೀಳುವ ಅಳಿವೆ ಇಲ್ಲೇ. ಆಚೆ ದಡದಲ್ಲಿ ಗಂಗೊಳ್ಳಿ ಬಂದರು, ಈಚೆ ಕಡಲೊಳಕ್ಕೆ ಚಾಚಿದ ಕಲ್ಲಿನ ತಡೆಗೋಡೆ. ಈಗ ಅದಕ್ಕೆ ಸೀವಾಕ್ ಎಂಬ ಹೆಸರು. ನಾವು ಹೋದದ್ದು ಭಾನುವಾರ, ಅಂದರೆ ಆ ಗೋಡೆಯ ಮೇಲೆ ನಡೆಯುವವರಿಗಿಂತ ನಿಂತು ತಮ್ಮದೇ ಮುಖದ ಫೋಟೋ ತೆಗೆದುಕೊಳ್ಳುವವರು ಹೆಚ್ಚು. ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದರೆ ಅವನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಚುರುಮುರಿಯ ಪೊಟ್ಟಣಗಳು ಕಲ್ಲಿನ ಸಂದಿಗೆ ಹೋಗುತ್ತಿದ್ದವು.

ಬೀಚಿನಿಂದ ಸ್ವಲ್ಪ ದೂರ, ಒಬ್ಬರ ತೋಟದಲ್ಲಿ ಕೇಳಿ ಜಾಗ ಹಿಡಿದೆವು. ಕೇಳದೆ ನಿಲ್ಲಿಸಿ ಬೂದುನೀರು ಮರಳಿಗೆ ಬಿಟ್ಟು ಹೋಗುವ ಗಾಡಿಮನೆಯವರನ್ನು ಕಂಡಿದ್ದೇನೆ. ಅಂಥವರಿಂದಲೇ ನಮಗೆಲ್ಲ ಕೆಟ್ಟ ಹೆಸರು. ಕತ್ತಲಾಗುತ್ತಲೇ ಹುಡುಗನೊಬ್ಬ ಬಂದು, ಕಡಲ ಕಡೆಗೆ ಉರಿಯುತ್ತಿದ್ದ ನಮ್ಮ ಎಲ್‌ಇಡಿ ದೀಪ ಆರಿಸಿ ಅಂತ ವಿನಯವಾಗಿ ಹೇಳಿದ. ಈ ದಂಡೆಯಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ; ಮೊಟ್ಟೆಯೊಡೆದ ಮರಿಗಳು ಬೆಳಕಿರುವ ದಿಕ್ಕನ್ನೇ ಕಡಲು ಎಂದು ತಿಳಿದು ರಸ್ತೆಗೆ ಬಂದುಬಿಡುತ್ತವೆ. ಆರಿಸಿದೆವು. ಪಕ್ಕದ ರೆಸಾರ್ಟಿನ ಹೊನಲು ಬೆಳಕನ್ನು ಆರಿಸುವವರು ಯಾರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಬೆಳಿಗ್ಗೆ ಸ್ಟೋವ್ ಮೇಲೆ ಚಹಾ ಇಟ್ಟಿದ್ದಾಗ ಬೇಲಿಯಾಚೆ ಒಬ್ಬರು ನಿಂತು ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಪ್ಪತ್ತು ದಾಟಿದ ಗಟ್ಟಿ ಆಳು, ಹೆಗಲ ಮೇಲೆ ತೋರ್ತು.

"ಹ್ವಾಯ್, ಮೇಳದ ಗಾಡಿಯಾ?"

ತಪ್ಪೇನಿಲ್ಲ. ಮಾರಣಕಟ್ಟೆ, ಮಂದಾರ್ತಿಯ ಯಕ್ಷಗಾನ ಮೇಳಗಳು ದೀಪಾವಳಿ ಕಳೆದು ಹೊರಟರೆ ಮಳೆ ಹಿಡಿಯುವವರೆಗೆ ಊರೂರು ತಿರುಗುವ ಸೀಮೆ ಇದು. ರಂಗಸ್ಥಳ, ವೇಷದ ಪೆಟ್ಟಿಗೆ, ಅಡುಗೆ ಪಾತ್ರೆ ಎಲ್ಲ ಲಾರಿಗೇರಿಸಿ, ಇವತ್ತು ಒಂದೂರು ನಾಳೆ ಇನ್ನೊಂದೂರು ಎಂದು ಬದುಕುವ ವಿದ್ಯೆ ಇಲ್ಲಿ ಯಾರಿಗೂ ಹೊಸದಲ್ಲ. ನಾವು ಇಬ್ಬರೇ, ವೇಷ ಗೀಷ ಏನಿಲ್ಲ ಎಂದೆ. ಅವರಿಗೆ ಕೊಂಚ ನಿರಾಸೆಯಾದಂತಿತ್ತು. ಚಹಾ ಕುಡಿಯಲು ಒಳಗೆ ಬಂದರು. ಹಿಂದೆ ಟ್ರಾಲ್ ಬೋಟು ನಡೆಸುವ ತಾಂಡೇಲರಾಗಿದ್ದರಂತೆ. ಈಗ ಮಗ ಗಂಗೊಳ್ಳಿಯಿಂದ ಹೋಗುತ್ತಾನೆ, ಇವರು ಬಲೆ ಕಟ್ಟುತ್ತಾರೆ.

ಹೆದ್ದಾರಿಯ ನೂಕಾಟದ ಕತೆ ಹೇಳಿದೆ. ಸ್ಟೆಬಿಲೈಸರ್ ಎಂದರೇನು ಎಂದೂ ವಿವರಿಸಿದೆ: ಮುಂದಿನ ಚಕ್ರಗಳೆರಡನ್ನೂ ಜೋಡಿಸುವ ಟೈ ರಾಡ್ ಎಂಬ ಸರಳಿಗೂ ಗಟ್ಟಿಯಾದ ಆಕ್ಸಲ್ಲಿಗೂ ನಡುವೆ ಅಡ್ಡ ಕೂರಿಸುವ ಎಣ್ಣೆಯ ಕೊಳವೆ. ಚಕ್ರ ತಟ್ಟನೆ ಹೊರಳಿದರೆ ಅದು ತಡೆಯೊಡ್ಡುತ್ತದೆ. ದುಬಾರಿಯದರಲ್ಲಿ ಸುರುಳಿ ಸ್ಪ್ರಿಂಗ್ ಕೂಡ ಇದ್ದು ಸ್ಟೀರಿಂಗನ್ನು ತಾನೇ ನಡುವಿಗೆ ತಳ್ಳುತ್ತದೆ. ಮುಂದಿನ ಟೈರು ಸಿಡಿದಾಗ ಗಾಡಿ ಒಂದೇ ಕಡೆಗೆ ಎಳೆಯದಂತೆ ಹಿಡಿಯುತ್ತದೆ ಎಂಬುದು ಅದರ ದೊಡ್ಡ ಹೆಗ್ಗಳಿಕೆ, ಅದು ಸುಳ್ಳೂ ಅಲ್ಲ.

ಅವರು ಕೇಳಿಸಿಕೊಂಡರು, ಲೋಟ ಕೆಳಗಿಟ್ಟು ಎದ್ದು ಗಾಡಿಯಿಂದ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ತಲೆ ಓರೆ ಮಾಡಿ ನೋಡಿದರು.

"ಹಿಂದ್ ಕೂಕಂಡಿತ್ ಕಾಣಿ ಗಾಡಿ. ಮೂತಿ ಎದ್ದಿತ್."

ನಾನೂ ಹೋಗಿ ನಿಂತೆ. ಹೌದು. ಮುಂದಿನ ಚಕ್ರದ ಮೇಲೆ ಮಡ್‌ಗಾರ್ಡಿನ ಸಂದಿಯಲ್ಲಿ ಅಂಗೈ ತೂರಿಸಬಹುದು. ಹಿಂದೆ ಎರಡು ಬೆರಳು ಕಷ್ಟ.

ಬೋಟಿನಲ್ಲಿ ಮಂಜುಗಡ್ಡೆ, ಮೀನು, ಡೀಸೆಲ್ ಎಲ್ಲಿ ಹೇಗೆ ತುಂಬಬೇಕು ಎನ್ನುವುದನ್ನೇ ಅವರು ಹುಡುಗರಿಗೆ ಮೊದಲು ಕಲಿಸುತ್ತಿದ್ದರಂತೆ. ಭಾರ ಹಿಂದಾದರೆ ಬೋಟಿನ ಮೂತಿ ನೀರು ಬಿಟ್ಟು ಮೇಲೇಳುತ್ತದೆ, ಎದ್ದ ಮೂತಿಯನ್ನು ಗಾಳಿ ಹಿಡಿದು ತನಗೆ ಬೇಕಾದ ಕಡೆ ತಿರುಗಿಸುತ್ತದೆ. ಆಗ ಚುಕ್ಕಾಣಿ ಹಿಡಿದವನು ಇಡೀ ದಾರಿ ಜಗಳ ಆಡುತ್ತಲೇ ಬರಬೇಕು. ಆಳಸಮುದ್ರದಲ್ಲಿ ಅದು ಬರೀ ಕೈನೋವು. ಅಳಿವೆಯ ಬಾಯಲ್ಲಿ, ಹಿಂದಿನಿಂದ ತೆರೆ ಎತ್ತುವಾಗ ಪ್ರಾಣಕ್ಕೇ ಬರುತ್ತದೆ. ಗಂಗೊಳ್ಳಿ ಅಳಿವೆಯಲ್ಲಿ ಮಗುಚಿದ ದೋಣಿಗಳ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಮದ್ಲ್ ಭಾರ ಸಮ ಮಾಡ್ಕಣಿ. ಆ ಕೊಳವಿ ಆಮೇಲ್ ಕಾಂಬ" ಎಂದು ಹೊರಟುಹೋದರು.

ನಮ್ಮ ಗಾಡಿ ಕಟ್ಟಿದವರು 150 ಲೀಟರಿನ ನೀರಿನ ತೊಟ್ಟಿಯನ್ನು ಹಿಂದಿನ ಆಕ್ಸಲ್ಲಿಗೂ ಹಿಂದೆ, ಮಂಚದ ಕೆಳಗೆ ಇಟ್ಟಿದ್ದಾರೆ. ಅದರ ಪಕ್ಕ ಬ್ಯಾಟರಿ, ಹತಾರದ ಪೆಟ್ಟಿಗೆ. ಅದಕ್ಕೂ ಹೊರಗೆ ನೇತುಬಿದ್ದ ಎರಡು ಸೈಕಲ್. ಜಾಗವಿದ್ದಲ್ಲಿ ಸಾಮಾನು ಎಂಬುದು ಮನೆ ಕಟ್ಟುವ ನ್ಯಾಯ, ಗಾಡಿಯ ನ್ಯಾಯ ಬೇರೆ. ಹಿಂದಿನ ಆಕ್ಸಲ್ಲಿನ ಆಚೆ ಇಟ್ಟ ಭಾರ ಹಿಂದಕ್ಕೆ ಒತ್ತುವುದಷ್ಟೇ ಅಲ್ಲ, ಮುಂದಿನ ಆಕ್ಸಲ್ಲಿನಿಂದ ಕಿತ್ತುಕೊಳ್ಳುತ್ತದೆ ಕೂಡ. ಆಕ್ಸಲ್ಲುಗಳ ನಡುವೆ 3.35 ಮೀಟರ್ ಇರುವ ಗಾಡಿಯಲ್ಲಿ, 1.2 ಮೀಟರ್ ಆಚೆ 150 ಕಿಲೋ ನೀರು ಕೂತರೆ ಮುಂದಿನ ಚಕ್ರಗಳ ಮೇಲಿಂದ 54 ಕಿಲೋ ಮಾಯ. ಹಗುರಾದ ಚಕ್ರ ರಸ್ತೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ಹೆದ್ದಾರಿ ಬದಿಯ ಒಂದು ವೇಬ್ರಿಡ್ಜಿಗೆ ಹೋದೆವು. ಲಾರಿಗಳ ಸಾಲಿನಲ್ಲಿ ನಿಂತು, ಮೊದಲು ಮುಂದಿನ ಚಕ್ರ ಮಾತ್ರ ಹಲಗೆಯ ಮೇಲೆ, ಆಮೇಲೆ ಪೂರ್ತಿ ಗಾಡಿ. ಚೀಟಿಯಲ್ಲಿ ಒಟ್ಟು 3,940 ಕಿಲೋ, ಮುಂದೆ 1,180. ಕೋಡಿಗೆ ವಾಪಸು ಬಂದು ತೊಟ್ಟಿಯ ನೀರನ್ನು ತೋಟದ ತೆಂಗುಗಳಿಗೆ ಬಿಟ್ಟೆವು, ಸೈಕಲ್ಲುಗಳನ್ನು ಒಳಕ್ಕೆ ತಂದು ಡ್ರೈವರ್ ಸೀಟಿನ ಹಿಂದೆ ಕಟ್ಟಿದೆವು, ಹತಾರ ಮುಂದಕ್ಕೆ. ಮತ್ತೆ ತೂಗಿದಾಗ ಒಟ್ಟು 3,790, ಮುಂದೆ 1,310. ಒಟ್ಟು ತೂಕ ಇಳಿದು, ಮುಂದಿನದು 130 ಕಿಲೋ ಏರಿತ್ತು. ವೇಬ್ರಿಡ್ಜಿನವನು ಚೀಟಿಗೆ ಸೀಲು ಒತ್ತುತ್ತಾ, ಮನೆ ತೂಗಿಸಲು ಬಂದವರು ನೀವೇ ಮೊದಲು ಅಂದ.

ಮಧ್ಯಾಹ್ನ ಊಟ. ಇದನ್ನು ಹೇಳದೆ ಮುಂದೆ ಹೋಗಲಾರೆ. ಘೀ ರೋಸ್ಟಿನ ತವರು ಕುಂದಾಪುರವೇ, ಶೆಟ್ಟಿ ಲಂಚ್ ಹೋಮಿನಲ್ಲಿ ಹುಟ್ಟಿದ್ದು. ಬೆಂಗಳೂರಿನಿಂದ ಬಂದವರೆಲ್ಲ ಅದನ್ನೇ ಹುಡುಕಿ ಹೋಗುತ್ತಾರೆ, ಹೋಗಲಿ. ನಾವು ಉಂಡದ್ದು ಹೆಸರಿನ ಫಲಕವೂ ಇಲ್ಲದ ಒಂದು ಜಗಲಿಯಲ್ಲಿ: ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಹಾಕಿ ಅರೆದ ಕೆಂಪು ಗಸಿಯಲ್ಲಿ ಬಂಗುಡೆ, ಮೇಲೊಂದು ಹುರಿದ ತುಂಡು, ಮಾವಿನ ಮಿಡಿ. ಬಡಿಸಿದಾಕೆ ಮೂರನೆಯ ಸಲ ಅನ್ನ ತಂದಾಗ ಸಾಕು ಎಂದದ್ದಕ್ಕೆ, "ಇಷ್ಟ್ ಉಂಡ್ರೆ ಆ ಗಾಡಿ ಹೊಡುಕೆ ಆತ್ತಾ?" ಎಂದಳು. ಕೊಟ್ಟ ಹಣ, ಹೆದ್ದಾರಿಯ ಹೋಟೆಲಿನಲ್ಲಿ ಎರಡು ಲೋಟ ಕಾಫಿಗೆ ನಮ್ಮಿಂದ ವಸೂಲಾದದ್ದಕ್ಕಿಂತ ಸ್ವಲ್ಪ ಹೆಚ್ಚು.

ಊಟವಾದ ಮೇಲೆ ಮುಂದಿನ ಚಕ್ರಗಳನ್ನೂ ತೋರಿಸಿಬಿಡೋಣ ಎಂದು ಹೋದ ಪೇಟೆಯ ಗ್ಯಾರೇಜಿನಲ್ಲಿ ಮೇಸ್ತ್ರಿ ಮಾತೇ ಆಡಲಿಲ್ಲ. ಮುಂದಿನ ಆಕ್ಸಲ್ ಜಾಕಿಗೆ ಏರಿಸಿ ಚಕ್ರದ ಎಡಬಲ ಅಂಚು ಹಿಡಿದು ಅಲುಗಾಡಿಸಿದರು, ಕಟಕಟ ಅಂದಿತು. ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದರು, ಸದ್ದಿಲ್ಲ. ಕಿಂಗ್‌ಪಿನ್ನು, ಬೇರಿಂಗು ಸರಿಯಿದೆ. ಸವೆದದ್ದು ಟೈ ರಾಡಿನ ತುದಿಗಳು. ಆಮೇಲೆ ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿದರು, ನನ್ನ ಕೈಯನ್ನೂ ಹಿಡಿದು ಸವರಿಸಿದರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸ. ಟೋ ಅಳತೆ, ಅಂದರೆ ಎರಡು ಚಕ್ರಗಳೂ ಮುಂದಕ್ಕೆ ನೇರ ನೋಡುವ ಲೆಕ್ಕ, ತಪ್ಪಿದೆ ಎಂದರ್ಥ. ಸ್ಟೆಬಿಲೈಸರ್ ವಿಷಯ ಎತ್ತಿದೆ.

"ಇದ್ ಸರಿ ಇಲ್ದೆ ಅದ್ ಹಾಕಿರೆ ರೋಗ ಕಾಂತಿಲ್ಲ, ಅಷ್ಟೇ."

ಬೆಂಗಳೂರಿನಲ್ಲಿ ಸಿಗದ ಉತ್ತರ ಇದು. ಅಲ್ಲಿ ನನಗೆ ಸಿಕ್ಕವರೆಲ್ಲ ಮಾರುವವರು. ಗಾಡಿಯ ಕೆಳಗೆ ತಲೆ ಹಾಕಿದವರು ಒಬ್ಬರೂ ಇರಲಿಲ್ಲ. ಸ್ಟೆಬಿಲೈಸರ್ ಕೆಟ್ಟ ವಸ್ತುವಲ್ಲ. ಜಿಮ್ನಿಗೆ ಸುಜುಕಿಯವರೇ ಕಾರ್ಖಾನೆಯಲ್ಲಿ ಇಂಥದೇ ಸ್ಟೀರಿಂಗ್ ಡ್ಯಾಂಪರ್ ಕೂರಿಸುತ್ತಾರೆ. ಹಿಂಬದಿ ಉದ್ದಕ್ಕೆ ಚಾಚಿದ ಅಮೆರಿಕದ ಗಾಡಿಗಳಲ್ಲಿ, ದಿನಗಟ್ಟಲೆ ನೇರ ರಸ್ತೆಯಲ್ಲಿ ಅದು ಕೈಗೆ ನಿಜಕ್ಕೂ ವಿಶ್ರಾಂತಿ ಕೊಡುತ್ತದೆ. ಆದರೆ ಸಡಿಲವಾದ ಕೀಲನ್ನು ಅದು ಬಿಗಿ ಮಾಡದು, ಹಿಂದಿರುವ ಭಾರವನ್ನು ಮುಂದಕ್ಕೆ ತಾರದು. ಕೀಲಿನ ಕಟಕಟ ಕೈಗೆ ತಿಳಿಯದಂತೆ ಮಾಡುವುದಂತೂ ಅಪಾಯವೇ, ಏಕೆಂದರೆ ಟೈ ರಾಡಿನ ತುದಿ ಕಳಚಿದ ದಿನ ಯಾವ ಎಣ್ಣೆಯ ಕೊಳವೆಯೂ ಕಾಯುವುದಿಲ್ಲ. ನಡುವಿಗೆ ತಳ್ಳುವ ಸ್ಪ್ರಿಂಗಂತೂ ನಮ್ಮ ಘಾಟಿಯ ತಿರುವುಗಳಿಗೆ ಹೇಳಿಸಿದ್ದಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲೂ ಅದರೊಡನೆ ಕುಸ್ತಿ ಹಿಡಿಯಬೇಕು.

ಎರಡೂ ಟೈ ರಾಡ್ ತುದಿ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ, ಟೈರಿನ ಗಾಳಿ ನೋಡಿಸಿದ ಖರ್ಚೆಲ್ಲ ಸೇರಿ ಆ 38,000ದ ಕಾಲು ಭಾಗವೂ ಆಗಲಿಲ್ಲ.

ಬೇಕೆಂದೇ ಗಾಳಿ ಏಳುವ ಹೊತ್ತಿಗೆ ಮರವಂತೆಗೆ ಹೊರಟೆವು. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ಗಾಳಿಗೆ ಅಡ್ಡ ನಿಲ್ಲಲು ಏನೂ ಇಲ್ಲದ ಜಾಗ. ಗಂಟೆಗೆ 70ರಲ್ಲಿ ಒಂದು ಕಂಟೇನರ್ ಲಾರಿ ದಾಟಿತು, ಅದರ ಬಾಲಕ್ಕೇ ಒಂದು ಬಸ್ಸು. ನೂಕು ಬಂತು, ಆದರೆ ಒಂದೇ ಸಲ ಬಂತು; ಕೈ ಸ್ವಲ್ಪ ತಡೆದರೆ ಸಾಕಾಯಿತು, ಆ ಕಡೆ ಈ ಕಡೆ ಓಲಾಟವಿಲ್ಲ. 80 ದಾಟಿಸಿ ನೋಡಿದೆ, ಗಾಳಿ ಇನ್ನೂ ತನ್ನ ಮಾತು ಕೇಳಿಸುತ್ತದೆ. ಒಂಬತ್ತಡಿ ಎತ್ತರದ ಗಾಡಿಗೆ ಅದು ತಪ್ಪಿದ್ದಲ್ಲ. ಪಕ್ಕದ ಸೀಟಿನವಳು ಮೊದಲ ಸಲ ಕಿಟಕಿಯಾಚೆ ನೋಡುತ್ತಾ, ಕಡಲು ಎಷ್ಟು ಹತ್ತಿರ ಇದೆ ಅಂದಳು.

ಸ್ಟೆಬಿಲೈಸರ್ ಹಾಕಿಸಿಲ್ಲ. ಊರಿಗೆ ಬಂದು ನೀರಿನ ತೊಟ್ಟಿಯನ್ನೂ ಬ್ಯಾಟರಿಯನ್ನೂ ಎರಡು ಆಕ್ಸಲ್ಲುಗಳ ನಡುವೆ ಕೂರಿಸಿಕೊಂಡಿದ್ದೇವೆ. ಇಷ್ಟಾದ ಮೇಲೂ ಉದ್ದ ಪ್ರಯಾಣದಲ್ಲಿ ಕೈ ನೊಂದರೆ ಸ್ಪ್ರಿಂಗಿಲ್ಲದ ಸಾದಾ ಡ್ಯಾಂಪರ್ ನೋಡಿದರಾಯಿತು. ನಿಮ್ಮದೂ ಇಂಥದೇ ಗಾಡಿಯಾಗಿದ್ದರೆ, ದುಡ್ಡು ಬಿಚ್ಚುವ ಮೊದಲು ಒಂದು ವೇಬ್ರಿಡ್ಜಿಗೆ ಹೋಗಿ ಮುಂದಿನ ಚಕ್ರಗಳನ್ನು ಬೇರೆಯಾಗಿ ತೂಗಿಸಿ. ಕೋಡಿಗೆ ಹೋಗುವುದಾದರೆ ಭಾನುವಾರ ಬೇಡ, ಕತ್ತಲಾದ ಮೇಲೆ ಕಡಲ ಕಡೆಯ ದೀಪವೂ ಬೇಡ.