ಸಾವನದುರ್ಗಕ್ಕೆ ಬ್ಯಾಂಡ್‌ಸೆಟ್

ನಮ್ಮ ಬೀದಿ ಕೊನೆಯ ಹಳೇ ಪೇಪರ್ ಅಂಗಡಿಗೆ ಮೊನ್ನೆ ರದ್ದಿ ಹಾಕಲು ಹೋದೆ. ನನಗಿಂತ ಮುಂಚೆ ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗ ತನ್ನ ಹೊಸ ಬಿಯಾಂಕಿ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ನಿಂತಿದ್ದ. ಮಾರುವುದಕ್ಕಲ್ಲ, ತೂಗುವುದಕ್ಕೆ. ತಕ್ಕಡಿಯ ಕೆಂಪು ಅಂಕಿಗಳು ಒಂದಷ್ಟು ಹೊತ್ತು ಕುಣಿದು ಎಂಟು ಕಿಲೋ ಚಿಲ್ಲರೆಗೆ ಬಂದು ನಿಂತವು. ಹುಡುಗನ ಮುಖ ಅರಳಿತು, ಅಂಗಡಿಯವನದು ಬಾಡಿತು. "ಇಷ್ಟೇನಾ ಸಾರ್? ಗುಜರಿಗೆ ಹಾಕಿದ್ರೆ ನಿಮ್ಗೆ ಏನೂ ಗಿಟ್ಟಲ್ಲ" ಅಂದ.

"ಭಾನುವಾರ ಎಲ್ಲಿಗಪ್ಪಾ ಸವಾರಿ?" ಅಂದೆ.

"ಸಾವನದುರ್ಗ, ಅಂಕಲ್. ಆ ರೂಟಲ್ಲಿ ಎಲಿವೇಷನ್ ಚೆನ್ನಾಗಿ ಸಿಗುತ್ತೆ."

ಏರು ಚೆನ್ನಾಗಿ ಸಿಗುತ್ತದೆ ಎಂದು ಯಾರಾದರೂ ಖುಷಿಪಟ್ಟಿದ್ದನ್ನು ನಾನು ಕೇಳಿದ್ದು ಈ ತಲೆಮಾರಿನಿಂದಲೇ. ನಾವು ಬಾರಿನ ಅಡಿಗೆ ಕಾಲು ತೂರಿಸಿ ಒಳಪೆಡ್ಲು ತುಳಿದು ಕಲಿತವರು. ದೀಪವಿಲ್ಲ ಅಂತಲೋ ಡಬಲ್ಸ್ ಬಂದ ಅಂತಲೋ ಪೊಲೀಸಿನವರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ ಕಾಲ ಅದು. ಏರು ಬಂದರೆ ಕ್ಯಾರಿಯರ್ ಮೇಲೆ ಕೂತವನು ಇಳಿಯಬೇಕು, ಇನ್ನೂ ಏರಿದ್ದರೆ ತುಳಿಯುವವನೂ ಇಳಿಯಬೇಕು. ಅದರಲ್ಲಿ ಲೆಕ್ಕ ಇಡುವಂಥದ್ದೇನೂ ಇರಲಿಲ್ಲ.

ಆದರೂ ಹುಡುಗನ ದಾರಿಯೇ ನನ್ನ ದಾರಿಯೂ. ಗೇರಿನ ಸೈಕಲ್ಲೊಂದು ನನ್ನ ಬಳಿಯೂ ಇದೆ, ತೂಗಿಸುವ ಧೈರ್ಯ ಮಾತ್ರ ಇಲ್ಲ. ಬೆಳಗಿನ ಜಾವ ನಮ್ಮ ಕೆಂಗೇರಿ ಉಪನಗರ ಬಿಟ್ಟು, ಕೊಮ್ಮಘಟ್ಟ ದಾಟಿ, ರಾಮೋಹಳ್ಳಿ ಹಿಡಿದು ದೊಡ್ಡ ಆಲದ ಮರ. ಮೂಲ ಕಾಂಡ ರೋಗ ಬಂದು ಹೋಗಿ ಎಷ್ಟೋ ವರ್ಷವಾದರೂ ಬಿಳಲುಗಳೇ ಮೂರು ಎಕರೆ ಸಂಸಾರ ನಡೆಸುತ್ತಿವೆ. ಮುಂದೆ ಮಂಚನಬೆಲೆ, ಅಲ್ಲಿಂದ ಸಾವನದುರ್ಗ, ಕಾಲಲ್ಲಿ ಕಸುವು ಉಳಿದಿದ್ದರೆ ಮಾಗಡಿ. ಉಳಿದಿಲ್ಲವೆಂದರೆ ಬಿಡದಿಯ ಕಡೆ ತಿರುಗಿ ತಟ್ಟೆ ಇಡ್ಲಿ. ಬಹಳಷ್ಟು ಸಲ ಕಸುವು ಇಡ್ಲಿಯ ಕಡೆಗೇ ಎಳೆಯುತ್ತದೆ.

ಈ ದಾರಿಯ ಕುತಂತ್ರ ಗೊತ್ತಾಗುವುದು ಸೈಕಲ್ಲಿನವರಿಗೆ ಮಾತ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ರಾಮನಗರ 750ರ ಆಸುಪಾಸು. ನಡುವೆ ಅರ್ಕಾವತಿಯ ಕಣಿವೆ. ಹೀಗಾಗಿ ಹೋಗುವಾಗ ಒಟ್ಟಾರೆ ಇಳಿಜಾರು. ತಂಗಾಳಿ, ರಾಗಿ ಹೊಲ, ಮಾವಿನ ತೋಪು, ನಾನಿನ್ನೂ ಗಟ್ಟಿಯಾಗಿದ್ದೇನೆ ಎಂಬ ಭ್ರಮೆ. ಬಿಸಿಲೇರಿದ ಮೇಲೆ, ಜಲ್ಲಿ ಲಾರಿಗಳ ಧೂಳಿನಲ್ಲಿ, ಅಷ್ಟನ್ನೂ ಬಡ್ಡಿ ಸಮೇತ ಹತ್ತಿಕೊಂಡು ಬರಬೇಕು. ಕಾರಿನಲ್ಲಿ ಹೋದವರನ್ನು ಕೇಳಿ ನೋಡಿ, ರಸ್ತೆ ಮಟ್ಟಸವಾಗಿದೆ ಅನ್ನುತ್ತಾರೆ.

ಹುಡುಗನ ಸೈಕಲ್ ಇಟಲಿಯದು, ಮಿಲಾನಿನ ಬಿಯಾಂಕಿ, 1885ರಲ್ಲಿ ಶುರುವಾದ ಕಂಪನಿ. ಬೀದಿಯ ಮಕ್ಕಳು ಬೆರಗಿನಿಂದ ಮುಟ್ಟಿ ನೋಡುತ್ತಾರೆ. ಕೆಂಗೇರಿಗೆ ಇಟಲಿಯ ನಂಟು ಅದಕ್ಕೂ ಹಳೆಯದು. 1866ರಲ್ಲೇ ಡಿ ವೆಕ್ಕಿ ಎಂಬ ಇಟಲಿಯವನು ಇಲ್ಲಿಗೆ ಬಂದು, ರೇಷ್ಮೆಗೂಡಿನಿಂದ ನೂಲು ತೆಗೆಯಲು ಹಬೆಯಂತ್ರದ ಕಾರ್ಖಾನೆ ಹಾಕಿದ್ದ. ಅದು ಏಳಿಗೆ ಕಾಣಲಿಲ್ಲ. ಕಂಡಿದ್ದರೆ ಕೆಂಗೇರಿಯ ಗತ್ತೇ ಬೇರೆ ಇರುತ್ತಿತ್ತು. ಮೆಟ್ರೊ ನಮ್ಮಲ್ಲಿಗೆ ಬರಲು 2021ರ ಆಗಸ್ಟ್ ತನಕ ಕಾಯಬೇಕಾಗುತ್ತಿರಲಿಲ್ಲವೋ ಏನೋ.

ಇರಲಿ, ನನ್ನನ್ನು ಕಾಡುವ ಪರದೇಶಿ ಡಿ ವೆಕ್ಕಿಯಲ್ಲ. ಅವನಿಗಿಂತ ಮುಂಚೆ ಸಾವನದುರ್ಗಕ್ಕೆ ಬಂದ, ಹೆಸರೂ ತಿಳಿಯದ ಒಬ್ಬ ಕಹಳೆಯವನು.

ಮೂರನೇ ಮೈಸೂರು ಯುದ್ಧದ ಕತೆಯನ್ನು ಮತ್ತೆ ಹೇಳಬೇಕಾಗಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗದ ಬುಡಕ್ಕೆ ಬಂತು. ಸುತ್ತ ಬಿದಿರಿನ ದಟ್ಟ ಕಾಡು, ವಿಷಮಜ್ವರಕ್ಕೆ ಹೆಸರುವಾಸಿಯಾದ ಜಾಗ. ಬಂದವರಲ್ಲಿ ಅರ್ಧ ಜನ ಜ್ವರಕ್ಕೆ, ಉಳಿದರ್ಧ ಕತ್ತಿಗೆ ಬಲಿಯಾಗುತ್ತಾರೆಂದು ಟಿಪ್ಪು ನೆಮ್ಮದಿಯಾಗಿದ್ದನಂತೆ. ಇಂಗ್ಲಿಷರೇ ಬರೆದಿಟ್ಟ ಮಾತು. ಕಾಡು ಕಡಿದು, ದಾರಿ ಮಾಡಿ, ಭಾರಿ ತೋಪುಗಳನ್ನು ಬಂಡೆಗಳ ನಡುವೆ ಎಳೆದು ತಂದರು. ಕೆಲವು ದಿನ ಗುಂಡು ಹೊಡೆದು ಗೋಡೆ ಒಡೆದರು. 21ನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಲಗ್ಗೆ. ಆಗ 52ನೇ ರೆಜಿಮೆಂಟಿನ ಬ್ಯಾಂಡಿನವರು 'ಬ್ರಿಟನ್ಸ್ ಸ್ಟ್ರೈಕ್ ಹೋಮ್' ನುಡಿಸಿದರು. ಒಂದು ಗಂಟೆಯೊಳಗೆ ದುರ್ಗ ಬಿತ್ತು.

ಕೋಟೆ ಬಿದ್ದದ್ದು ಇತಿಹಾಸದವರ ಕೆಲಸ. ನನ್ನ ತಲೆ ನಿಂತಿರುವುದು ಬ್ಯಾಂಡಿನ ಮೇಲೆ. ಸಾವನದುರ್ಗ ನೋಡಿದವರಿಗೆ ಗೊತ್ತು, ಅದು 1,226 ಮೀಟರಿಗೆ ನಿಂತ ಬೋಳು ಬಂಡೆ. ಅರ್ಧ ಹತ್ತುವಷ್ಟರಲ್ಲಿ ಬಾಯಿಂದ "ರಾಮ" ಎಂಬ ಎರಡಕ್ಷರ ಹೊರಡಬೇಕಾದರೆ ನಾಲ್ಕು ಉಸಿರು ಬೇಕು. ಅಂಥಲ್ಲಿ ಕಹಳೆ ಊದುತ್ತಾ ಹತ್ತಿದನೇ ಆ ಮಹಾನುಭಾವ? ಪರ್ಸೆಲ್ ಎಂಬ ಸಂಗೀತಗಾರ ಆ ಹಾಡನ್ನು 1695ರಲ್ಲಿ ಕಟ್ಟಿದ್ದು ಲಂಡನ್ನಿನ ನಾಟಕವೊಂದಕ್ಕೆ. ಕೂತು ಕೇಳುವವರಿಗೆ, ನಿಂತು ನುಡಿಸುವವರು. ಮಾಗಡಿ ಸೀಮೆಯ ಬಂಡೆಯ ಮೇಲೆ, ಉಣ್ಣೆಯ ಕೋಟು ತೊಟ್ಟು, ಹನ್ನೊಂದು ಗಂಟೆ ಬಿಸಿಲಿನಲ್ಲಿ, ಮೇಲಿನಿಂದ ಕಲ್ಲು ಉರುಳುವ ಭಯದಲ್ಲಿ ಊದಲಿಕ್ಕೆಂದಲ್ಲ.

ನನ್ನ ತೀರ್ಮಾನ ಇಷ್ಟು: ಬ್ಯಾಂಡಿನವರು ಕೆಳಗೇ, ನೆರಳಿನಲ್ಲೇ ನಿಂತಿದ್ದರು. ಡೋಲಿನವನು ನಾಲ್ಕು ಹೆಜ್ಜೆ ಹತ್ತಿ ಮರ್ಯಾದೆಯಾಗಿ ಇಳಿದು ಬಂದಿರಬೇಕು. ಮೇಲೆ ಹತ್ತಿದ ಸಿಪಾಯಿಗಳಿಗೆ ಮೊದಲ ಚರಣ ಕೇಳಿಸಿರಬಹುದು, ಎರಡನೆಯದಕ್ಕೆ ಅವರ ಏದುಸಿರೇ ಅಡ್ಡ ಬಂದಿರಬೇಕು. ಪುರಾವೆ ಕೇಳಿದರೆ ನನ್ನ ಶ್ವಾಸಕೋಶ. ಮಂಚನಬೆಲೆಯ ಏರಿನಲ್ಲಿ ಭಾನುವಾರದ ಸೈಕಲ್ ಗುಂಪುಗಳು ಹ್ಯಾಂಡಲ್ಲಿಗೆ ಪುಟ್ಟ ಸ್ಪೀಕರ್ ಕಟ್ಟಿ ರಾಜ್‌ಕುಮಾರ್ ಹಾಡು ಹಾಕಿಕೊಂಡು ಹತ್ತುತ್ತವೆ. ಬುಡದಲ್ಲಿ ಎಲ್ಲರದೂ ಸಮೂಹಗಾನ. ತಿರುವು ದಾಟಿದರೆ ಅಣ್ಣಾವ್ರೊಬ್ಬರದೇ ದನಿ.

ಯೋಚಿಸಿದರೆ ಈ ಸೀಮೆಗೆ ಬಂದ ದೊಡ್ಡವರೆಲ್ಲ ಏರು ಹತ್ತಿದ್ದು ಬೇರೆಯವರ ಕಾಲಲ್ಲೇ. ಕಾರ್ನ್‌ವಾಲಿಸ್ ಬೀಡಿನಲ್ಲಿದ್ದ, ಹತ್ತಿದವರು ಸಂಬಳದವರು. ಡೇವಿಡ್ ಲೀನ್ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಸಿನಿಮಾಕ್ಕೆ ಈ ಬಂಡೆಗಳಲ್ಲೇ ಗವಿಯ ದೃಶ್ಯ ತೆಗೆದಾಗಲೂ ಮೇಡಮ್ಮುಗಳು ಗವಿಗೆ ಹೋದದ್ದು ಆನೆಯ ಮೇಲೆ. ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ಹೆಸರು ರಾಮನಗರಕ್ಕೆ ಅಂಟಿ ಅದು ಕ್ಲೋಸ್‌ಪೇಟೆಯಾಗಿತ್ತು. ಊರು ಆ ಹೆಸರನ್ನು ಕೊಡವಿಕೊಂಡಿತು, ಬಂಡೆಗೆ ಆಗಲಿಲ್ಲ. ಭೂವಿಜ್ಞಾನಿಗಳ ಪುಸ್ತಕದಲ್ಲಿ ಇದು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್. ಸುಮಾರು 250 ಕೋಟಿ ವರ್ಷದ ಶಿಲೆಗೆ ನಿನ್ನೆ ಮೊನ್ನೆ ಬಂದ ಫೌಜಿನವನ ಹೆಸರು!

ಸ್ವಂತ ಕಾಲಲ್ಲಿ ದಿನಾ ಹತ್ತಿದವರು ಹಾಲಿನವರು. ಈಗ ಅವರೂ ಟಿವಿಎಸ್‌ಗೆ ದಾಟಿದ್ದಾರೆ. ಆದರೂ ಮಂಚನಬೆಲೆ ದಾರಿಯಲ್ಲಿ ಹಳೇ ಅಟ್ಲಾಸಿನ ಯಜಮಾನರೊಬ್ಬರು ಸಿಗುತ್ತಾರೆ. ಪಂಚೆ ಎತ್ತಿ ಕಟ್ಟಿ, ತಲೆಗೊಂದು ಟವೆಲ್ ಸುತ್ತಿ, ಕ್ಯಾರಿಯರಿನ ಎರಡು ಪಕ್ಕಕ್ಕೂ ಹಾಲಿನ ಕ್ಯಾನು, ಕ್ಯಾನಿನ ಹಿಡಿಗೆ ಹಳೇ ಟ್ಯೂಬಿನ ಕಟ್ಟು. ಸೀಟಿನ ಸ್ಪ್ರಿಂಗು ಒಂದು ಕಡೆ ಕುಸಿದು, ಅವರು ಕೂತಾಗ ಸ್ವಲ್ಪ ವಾಲಿಕೊಂಡೇ ಇರುತ್ತಾರೆ. ಏರು ಶುರುವಾಗುವ ಜಾಗ ಬಂತೋ, ವೇಗ ತಗ್ಗುವ ಮೊದಲೇ, ಬಸ್ಸಿನಿಂದ ಇಳಿದಂತೆ ಸಲೀಸಾಗಿ ಇಳಿದು ತಳ್ಳಲು ಶುರು. ಪಕ್ಕದಲ್ಲಿ ನಾನು ಅತಿ ಚಿಕ್ಕ ಗೇರಿನಲ್ಲಿ ಕಾಲು ಗಿರಗಿರನೆ ತಿರುಗಿಸುತ್ತಾ ಅವರ ನಡಿಗೆಯ ವೇಗದಲ್ಲೇ ಸಾಗುತ್ತಿರುತ್ತೇನೆ. ಹೀಗೆ ಜೊತೆಯಾಗಿ ಹೋಗುವಾಗ ಒಂದು ದಿನ ಕೇಳಿದರು: "ಇಳ್ದು ತಳ್ಳುದ್ರೆ ಮಾನ ಓಯ್ತದಾ ಸೋಮಿ?"

ಉತ್ತರ ಕೊಡಲು ಉಸಿರಿರಲಿಲ್ಲ. ಕಹಳೆಯವನ ಮೇಲಿನ ಗೌರವ ಅವತ್ತು ಇನ್ನಷ್ಟು ಕಮ್ಮಿಯಾಯಿತು.

ಏರಿನ ವಿಷಯದಲ್ಲಿ ನಿಜವಾದ ಸಾಹಸ ನಮ್ಮ ನಲ್ಲಿಯದು. ಬೆಂಗಳೂರಿನ ಪುಣ್ಯವೇನೋ, ನೀರು ಯಾವಾಗಲೂ ಕೆಳಗಿನಿಂದಲೇ ಬರಬೇಕು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು ಮುಗಿದು, ಅರ್ಕಾವತಿ ಕುಮುದ್ವತಿಗಳ ನೀರನ್ನು ಪಂಪಿನಿಂದ ಮೇಲೆತ್ತಿದರು. ಸಾಲದೆ 1974ರಿಂದ ತೊರೆಕಾಡನಹಳ್ಳಿಯ ಕಾವೇರಿ. ಅದು ಸುಮಾರು 100 ಕಿಲೋಮೀಟರು ದಾರಿ, ಒಟ್ಟು 500 ಮೀಟರಿನಷ್ಟು ಏರು, ಹಾರೋಹಳ್ಳಿ ತಾತಗುಣಿಗಳಲ್ಲಿ ಸುಧಾರಿಸಿಕೊಂಡು ಮೂರು ಹಂತದಲ್ಲಿ ಬರುತ್ತದೆ. ನಮ್ಮ ಹುಡುಗನ ಮೊಬೈಲು ಅಷ್ಟು ಎಲಿವೇಷನ್ ಕಂಡರೆ ಪದಕದ ಚಿತ್ರ ತೋರಿಸಿ ಚಪ್ಪಾಳೆ ತಟ್ಟುತ್ತದೆ.

ಇದನ್ನೆಲ್ಲ ಮನೆಯಲ್ಲಿ ಹೇಳುವ ಹಾಗಿಲ್ಲ. ಸಾವನದುರ್ಗದಿಂದ ಬಂದು ಬಚ್ಚಲಿಗೆ ನುಗ್ಗಿ ನಾನು ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಳ್ಳುವಾಗ ನಮ್ಮವಳು ಹೊರಗಿನಿಂದ ಕೂಗುತ್ತಾಳೆ: "ರೀ, ಸಾಕು ಮಾಡಿ! ಮಲೆನಾಡಲ್ಲ ಇದು!" ನಾನು ಮಾತಾಡುವುದಿಲ್ಲ. ಅಷ್ಟು ದೂರದಿಂದ ಹತ್ತಿ ಬಂದ ನೀರು ನನ್ನ ಬೆನ್ನಿನ ಉಪ್ಪು ತೊಳೆದು, ಮೋರಿಗೆ ಬಿದ್ದು, ವೃಷಭಾವತಿಯ ಗಬ್ಬು ಸೇರಿ, ಬೈರಮಂಗಲದ ಕೆರೆ ದಾಟಿ ಅರ್ಕಾವತಿಗೆ ಇಳಿಯುತ್ತದೆ. ನಾನು ಬೆಳಗ್ಗೆಯಿಂದ ಏದುಸಿರು ಬಿಟ್ಟು ಹತ್ತಿ ಬಂದ ಕಣಿವೆಗೆ ಅದು ಒಂದು ಪೆಡ್ಲೂ ತುಳಿಯದೆ ವಾಪಸ್ಸು ಹೊರಟಿರುತ್ತದೆ.